ವಿದೇಶದಲ್ಲಿದ್ದಾಗ ಐಡಿಪಿ ಅವಧಿ ಮುಗಿದರೆ: ಹೊಸದಕ್ಕೆ ಅರ್ಜಿ ಯಾವಾಗ, ಎಲ್ಲಿ, ಹೇಗೆ

ಐಡಿಪಿಯ, ಅಂದರೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್‌ನ ತಾರೀಕು ಮುಗಿಯಲು ಬಂದಿದೆ, ಊರಿಗೆ ಹೋಗುವ ಟಿಕೆಟ್ ಇನ್ನೂ ಆಗಿಲ್ಲ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ನೇರವಾಗಿ ಅರ್ಜಿ ನಮೂನೆ ಹುಡುಕಲು ಕೂರುತ್ತಾರೆ. ಅದಕ್ಕೆ ಮೊದಲು ನೋಡಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಈಗಿರುವ ದೇಶದಲ್ಲಿ, ಈಗಿರುವ ವೀಸಾದ ಮೇಲೆ, ಭಾರತದ ಡಿಎಲ್ (ಡ್ರೈವಿಂಗ್ ಲೈಸೆನ್ಸ್) ಮತ್ತು ಐಡಿಪಿ ಹಿಡಿದು ನೀವು ಇನ್ನೂ ಗಾಡಿ ಓಡಿಸಬಹುದೇ? ಎಷ್ಟೋ ಸಲ ಓಡಿಸುವಂತಿಲ್ಲ ಎಂದೇ ಉತ್ತರ ಸಿಗುತ್ತದೆ. ಹಾಗಿದ್ದರೆ ಹೊಸ ಐಡಿಪಿಗೆ ಕಟ್ಟುವ ಶುಲ್ಕವೂ ಕಾಯುವ ದಿನಗಳೂ ದಂಡ.

ಐಡಿಪಿ ಸ್ವತಂತ್ರವಾದ ಲೈಸೆನ್ಸ್ ಅಲ್ಲ. ಡಿಎಲ್‌ನಲ್ಲಿರುವ ವಿವರವನ್ನೇ ಹಲವು ಭಾಷೆಗಳಲ್ಲಿ ಹೇಳುವ ಪುಸ್ತಿಕೆ ಅದು. ಮೂಲ ಡಿಎಲ್ ಜೊತೆಗಿಲ್ಲದಿದ್ದರೆ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಡಿಎಲ್ ಕೊಟ್ಟ ದೇಶವೇ ಐಡಿಪಿಯನ್ನೂ ಕೊಡಬೇಕು. ಹಾಗಾಗಿ ಉಡುಪಿ ಆರ್‌ಟಿಒದ ಡಿಎಲ್ ತೋರಿಸಿ ಅಮೆರಿಕದ ಮೋಟಾರು ಸಂಘದಲ್ಲಿ ಐಡಿಪಿ ಕೇಳಿದರೆ ಸಿಗುವುದಿಲ್ಲ. ಟೆಕ್ಸಾಸ್‌ನ ಲೈಸೆನ್ಸ್ ತೋರಿಸಿ ಮೈಸೂರಿನ ಆರ್‌ಟಿಒದಲ್ಲಿ ಕೇಳಿದರೂ ಅಷ್ಟೆ. ಭಾರತ ಕೊಡುವ ಐಡಿಪಿ ರಸ್ತೆ ಸಂಚಾರದ ಕುರಿತ 1949ರ ಜಿನೀವಾ ಒಪ್ಪಂದದ ಮಾದರಿಯದು. ಅದರ ಅವಧಿ ಕೊಟ್ಟ ದಿನದಿಂದ ಒಂದು ವರ್ಷ, ಅಥವಾ ಡಿಎಲ್ ಮುಗಿಯುವ ದಿನದವರೆಗೆ, ಯಾವುದು ಮೊದಲೋ ಅಷ್ಟು. ಹಳೆಯ ಪುಸ್ತಿಕೆಯ ಮೇಲೆ ತಾರೀಕು ಮುಂದೂಡಿ ಕೊಡುವ ಪದ್ಧತಿ ಇಲ್ಲ, ಪ್ರತಿ ಸಲವೂ ಹೊಸದು.

ನೀವಿರುವ ದೇಶ ಏನನ್ನುತ್ತದೆ

ಪ್ರವಾಸಿಗೆ ಒಂದು ನಿಯಮ, ನೆಲೆಸಿದವರಿಗೆ ಇನ್ನೊಂದು. ಐಡಿಪಿ ಬಹುಮಟ್ಟಿಗೆ ಪ್ರವಾಸಿಯ ಕಾಗದ.

ಜರ್ಮನಿಯಲ್ಲಿ ವಾಸ ಶುರುವಾದ ದಿನದಿಂದ ಆರು ತಿಂಗಳು ಭಾರತದ ಡಿಎಲ್ ನಡೆಯುತ್ತದೆ. ಒಟ್ಟು ವಾಸ ಒಂದು ವರ್ಷ ದಾಟುವುದಿಲ್ಲ ಎಂದು ದಾಖಲೆ ಸಮೇತ ತೋರಿಸಿದರೆ ಇದನ್ನು ಹನ್ನೆರಡು ತಿಂಗಳವರೆಗೆ ವಿಸ್ತರಿಸಲು ಕೇಳಬಹುದು. ಅದು ಮುಗಿದ ಮೇಲೆ ಕೈಯಲ್ಲಿ ಎಷ್ಟೇ ಹೊಸ ಐಡಿಪಿ ಇರಲಿ, ಗಾಡಿ ಓಡಿಸಿದರೆ ಲೈಸೆನ್ಸ್ ಇಲ್ಲದೆ ಓಡಿಸಿದಂತೆ. ಅಲ್ಲಿ ಅದು ಬರೀ ದಂಡ ಕಟ್ಟಿ ಮುಗಿಸುವ ತಪ್ಪಲ್ಲ, ಜೈಲು ಶಿಕ್ಷೆಗೂ ಅವಕಾಶವಿರುವ ಅಪರಾಧ. ಜರ್ಮನ್ ಲೈಸೆನ್ಸಿಗೆ ಬದಲಾಯಿಸಿಕೊಳ್ಳಲು ಭಾರತದವರು ಥಿಯರಿ, ಪ್ರಾಕ್ಟಿಕಲ್ ಎರಡೂ ಪರೀಕ್ಷೆ ಬರೆಯಬೇಕು. ಹೊಸಬರಿಗೆ ಇರುವ ಕಡ್ಡಾಯ ತರಗತಿಗಳ ಲೆಕ್ಕ ಮಾತ್ರ ಇವರಿಗಿಲ್ಲ. ಕಣ್ಣಿನ ಪರೀಕ್ಷೆ, ಪ್ರಥಮ ಚಿಕಿತ್ಸೆಯ ತರಬೇತಿ, ಡಿಎಲ್‌ನ ಜರ್ಮನ್ ಅನುವಾದ ಬೇಕು. ಥಿಯರಿಯನ್ನು ಇಂಗ್ಲಿಷಿನಲ್ಲಿ ಬರೆಯಬಹುದು. ಪರೀಕ್ಷೆಯ ದಿನ ಸಿಗಲು ತಿಂಗಳುಗಟ್ಟಲೆ ಹಿಡಿಯುವುದರಿಂದ, ಹೋದ ಮೊದಲ ತಿಂಗಳಲ್ಲೇ ಅರ್ಜಿ ಹಾಕುವವರು ಜಾಣರು.

ಬ್ರಿಟನ್ನಿನಲ್ಲಿ ನೆಲೆಸಿದ ದಿನದಿಂದ ಹನ್ನೆರಡು ತಿಂಗಳು. ಡಿಎಲ್ ಇಂಗ್ಲಿಷಿನಲ್ಲೇ ಇರುವುದರಿಂದ ಐಡಿಪಿಯ ಅಗತ್ಯವೇ ಬೀಳದು. ವರ್ಷ ತುಂಬಿದ ಮೇಲೆ ಪ್ರೊವಿಶನಲ್ (ಕಲಿಯುವವರ) ಲೈಸೆನ್ಸ್ ಮಾಡಿಸಿ ಪರೀಕ್ಷೆ ಪಾಸಾಗಬೇಕು; ನೇರ ಬದಲಾವಣೆಯ ದೇಶಗಳ ಪಟ್ಟಿಯಲ್ಲಿ ಭಾರತವಿಲ್ಲ.

ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ಗಡುವು. ಕ್ಯಾಲಿಫೋರ್ನಿಯಾದಲ್ಲಿ ನಿವಾಸಿಯಾದ 10 ದಿನದೊಳಗೆ, ನ್ಯೂಯಾರ್ಕಿನಲ್ಲಿ 30, ಟೆಕ್ಸಾಸ್‌ನಲ್ಲಿ 90 ದಿನದೊಳಗೆ ಅಲ್ಲಿಯ ಲೈಸೆನ್ಸ್ ಮಾಡಿಸಬೇಕು. ಕೆನಡಾದ ಒಂಟಾರಿಯೊದಲ್ಲಿ 60 ದಿನ. ಕೆಲಸಕ್ಕೆಂದು ಹೋದವರು ಈ ಗಡುವು ಮೀರಿ ಹೊಸ ಐಡಿಪಿ ತರಿಸಿಕೊಂಡರೆ ಪ್ರಯೋಜನವಿಲ್ಲ. ಹೆತ್ತವರು ಆರು ತಿಂಗಳ ಮಟ್ಟಿಗೆ ಮಕ್ಕಳ ಮನೆಗೆ ಹೋಗಿದ್ದರೆ ಮಾತು ಬೇರೆ, ಅವರು ಪ್ರವಾಸಿಗಳೇ.

ಯುಎಇಯಲ್ಲಿ ವಿಸಿಟ್ ವೀಸಾದಲ್ಲಿರುವಷ್ಟು ದಿನ ಭಾರತದ ಡಿಎಲ್ ಜೊತೆ ಐಡಿಪಿ ಇಟ್ಟುಕೊಂಡು ಬಾಡಿಗೆ ಕಾರು ಓಡಿಸಬಹುದು. ರೆಸಿಡೆನ್ಸ್ ವೀಸಾ ಆದ ಗಳಿಗೆಯಿಂದ ಅದು ನಡೆಯದು, ಅಲ್ಲಿಯ ಲೈಸೆನ್ಸೇ ಬೇಕು. ದುಬೈನಲ್ಲಿ ಊರಿನ ಡಿಎಲ್ ಇರುವವರಿಗೆ ತರಗತಿಗೆ ಹೋಗದೆ ನೇರವಾಗಿ ಒಂದು ಸಲ ಪರೀಕ್ಷೆ ಕೊಡುವ ಗೋಲ್ಡನ್ ಚಾನ್ಸ್ ಎಂಬ ಅವಕಾಶವಿದೆ. ಅದಕ್ಕೂ ಊರಿನ ಡಿಎಲ್ ಚಾಲ್ತಿಯಲ್ಲಿರಬೇಕು.

ಜಪಾನಿನ ನಿಯಮ ಎಲ್ಲಕ್ಕಿಂತ ಸೂಕ್ಷ್ಮ, ಅದರಲ್ಲಿ ಸಿಕ್ಕಿಬೀಳುವವರೂ ಹೆಚ್ಚು. ಅಲ್ಲಿ 1949ರ ಮಾದರಿಯ ಐಡಿಪಿ ನಡೆಯುತ್ತದೆ, ಭಾರತದ್ದೂ ಸೇರಿ. ಆದರೆ ಎರಡು ಲೆಕ್ಕ ಒಟ್ಟಿಗೆ ಓಡುತ್ತವೆ: ಪುಸ್ತಿಕೆಯ ಮೇಲಿನ ಅವಧಿ ಒಂದು, ಜಪಾನಿಗೆ ಬಂದಿಳಿದ ದಿನದಿಂದ ಒಂದು ವರ್ಷ ಎಂಬುದು ಇನ್ನೊಂದು. ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ನಿಂತಿತು. ಒಂದು ಉದಾಹರಣೆ ನೋಡಿ. ಏಪ್ರಿಲ್ 20ರಂದು ಯೊಕೊಹಾಮಾಕ್ಕೆ ಹೋಗಿ ಅಲ್ಲಿ ವಿಳಾಸ ನೋಂದಾಯಿಸಿದವರು ಮುಂದಿನ ಮಾರ್ಚಿನಲ್ಲಿ ಮೂರು ವಾರ ರಜೆ ಹಾಕಿ ಬೆಂಗಳೂರಿಗೆ ಬಂದು, ಜಯನಗರ ಆರ್‌ಟಿಒದಲ್ಲಿ ಹೊಸ ಐಡಿಪಿ ಮಾಡಿಸಿಕೊಂಡು ವಾಪಸಾದರು ಎನ್ನಿ. ಇನ್ನೊಂದು ವರ್ಷ ನಿಶ್ಚಿಂತೆ ಎಂದೇ ಅನ್ನಿಸುತ್ತದೆ. ಆದರೆ ಅಲ್ಲಿ ನೋಂದಾಯಿತ ನಿವಾಸಿಯಾದವರು ದೇಶ ಬಿಟ್ಟು ಮೂರು ತಿಂಗಳೊಳಗೆ ಮರಳಿದರೆ, ಆ ಮರಳಿದ ದಿನವನ್ನು ಬಂದಿಳಿದ ದಿನ ಎಂದು ಎಣಿಸುವುದಿಲ್ಲ. ಲೆಕ್ಕ ಹಳೆಯ ಏಪ್ರಿಲ್ 20ರಿಂದಲೇ ನಡೆಯುತ್ತದೆ. ಹೊಸ ಪುಸ್ತಿಕೆಯಲ್ಲಿ ಹನ್ನೊಂದು ತಿಂಗಳು ಬಾಕಿಯಿದ್ದರೂ ಏಪ್ರಿಲ್ 20 ದಾಟಿದ ಮೇಲೆ ಓಡಿಸಿದರೆ ಲೈಸೆನ್ಸಿಲ್ಲದ ಚಾಲನೆ: ಮೂರು ವರ್ಷದವರೆಗೆ ಸೆರೆ ಅಥವಾ ಐದು ಲಕ್ಷ ಯೆನ್‌ವರೆಗೆ ದಂಡ. ಅಪಘಾತವಾದರೆ ಇನ್ಶೂರೆನ್ಸ್ ತಂಟೆ ಬೇರೆ.

ಆದ್ದರಿಂದ ಜಪಾನಿನಲ್ಲಿ ನೆಲೆಸಿದವರಿಗೆ ಉಳಿಯುವ ದಾರಿ ಲೈಸೆನ್ಸ್ ಬದಲಾವಣೆ. ಅದಕ್ಕೆ ಡಿಎಲ್‌ನ ಜಪಾನಿ ಅನುವಾದ ಬೇಕು, ಡಿಎಲ್ ಸಿಕ್ಕ ಮೇಲೆ ಒಟ್ಟು ಮೂರು ತಿಂಗಳಾದರೂ ಭಾರತದಲ್ಲಿ ಇದ್ದಿದ್ದಕ್ಕೆ ಪುರಾವೆ ಬೇಕು. ವಿಮಾನ ಹತ್ತುವ ಹಿಂದಿನ ತಿಂಗಳು ಅವಸರದಲ್ಲಿ ಡಿಎಲ್ ಮಾಡಿಸಿದವರು ಇಲ್ಲೇ ನಿಲ್ಲುತ್ತಾರೆ. 2025ರ ಅಕ್ಟೋಬರ್‌ನಿಂದ ಬರಹದ ಪರೀಕ್ಷೆಯೂ ಬಿಗಿಯಾಗಿದೆ: ಹತ್ತು ಪ್ರಶ್ನೆ ಇದ್ದದ್ದು ಐವತ್ತಾಗಿದೆ, ಪಾಸಾಗಲು ಶೇ. 90 ಅಂಕ ಬೇಕು. ಪಾಸ್‌ಪೋರ್ಟಿನಲ್ಲಿ ಮುದ್ರೆಗಳಿದ್ದರೆ ಹಳೆಯ ಪಾಸ್‌ಪೋರ್ಟನ್ನು ಎಸೆಯದೆ ಇಟ್ಟುಕೊಳ್ಳಿ. ವಾಸದ ಪುರಾವೆಯಾಗಿ ಕೆಲಸಕ್ಕೆ ಬರುವುದು ಅದೇ.

ರಾಯಭಾರ ಕಚೇರಿಯ ಮೂಲಕ ಅರ್ಜಿ

ಇಷ್ಟೆಲ್ಲ ನೋಡಿದ ಮೇಲೂ ಹೊಸ ಐಡಿಪಿ ಬೇಕೇ ಬೇಕು ಎಂದಾದರೆ, ಊರಿಗೆ ಬರದೆ ಪಡೆಯುವ ದಾರಿಯೊಂದಿದೆ. 2021ರ ಜನವರಿಯಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಹೊರಡಿಸಿದ ಅಧಿಸೂಚನೆಯಂತೆ, ವಿದೇಶದಲ್ಲಿದ್ದಾಗಲೇ ಐಡಿಪಿ ಅವಧಿ ಮುಗಿದ ಭಾರತದ ಪ್ರಜೆಗಳು ಅಲ್ಲಿಯ ಭಾರತೀಯ ರಾಯಭಾರ ಕಚೇರಿ ಅಥವಾ ಕಾನ್ಸುಲೇಟ್ ಮೂಲಕ ಅರ್ಜಿ ಹಾಕಬಹುದು. ಕಚೇರಿ ಅದನ್ನು ಭಾರತಕ್ಕೆ ಕಳಿಸುತ್ತದೆ. ಅಲ್ಲಿಂದ ಅದು ನಿಮ್ಮ ಆರ್‌ಟಿಒಗೆ ಹೋಗುತ್ತದೆ. ಆರ್‌ಟಿಒ ಪರಿಶೀಲಿಸಿ, ಹೊಸ ಪುಸ್ತಿಕೆಯನ್ನು ನಿಮ್ಮ ವಿದೇಶದ ವಿಳಾಸಕ್ಕೆ ಕೊರಿಯರ್ ಮಾಡುತ್ತದೆ. ರಾಯಭಾರ ಕಚೇರಿಯೇ ಐಡಿಪಿ ಕೊಡುತ್ತದೆ ಎಂದುಕೊಂಡು ಕೌಂಟರಿನಲ್ಲಿ ಅದೇ ದಿನ ಕೊಡಿ ಎಂದು ಕೇಳುವುದು ವ್ಯರ್ಥ. ಅವರದು ಅರ್ಜಿ ದಾಟಿಸುವ ಕೆಲಸ ಮಾತ್ರ.

ಈ ಸೌಲಭ್ಯ ಐಡಿಪಿ ಮುಗಿದವರಿಗೆ. ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡಿನವರಿಗೆ, ಬೇರೆ ದೇಶದ ಪೌರತ್ವ ಪಡೆದವರಿಗೆ ಇದು ಅನ್ವಯಿಸುವುದಿಲ್ಲ. ಹಿಂದೆ ಐಡಿಪಿಯನ್ನೇ ಮಾಡಿಸದೆ ಹೋದವರು ಇದರ ಮೇಲೆ ಭರವಸೆ ಇಡದೆ, ರಜೆಯಲ್ಲಿ ಬಂದಾಗ ಆರ್‌ಟಿಒದಲ್ಲೇ ಮಾಡಿಸಿಕೊಳ್ಳುವುದು ಒಳ್ಳೆಯದು.

ಜೋಡಿಸಿಟ್ಟುಕೊಳ್ಳಬೇಕಾದ ಕಾಗದಗಳು:

- ಭರ್ತಿ ಮಾಡಿ ಸಹಿ ಹಾಕಿದ ನಮೂನೆ 4ಎ. ಐಡಿಪಿ ಅರ್ಜಿಯ ನಮೂನೆ ಇದೇ.
- ಚಾಲ್ತಿಯಲ್ಲಿರುವ ಭಾರತದ ಪಾಸ್‌ಪೋರ್ಟ್: ಮೊದಲ ಪುಟ, ಕೊನೆಯ ಪುಟ.
- ಆ ದೇಶದ ವೀಸಾ ಅಥವಾ ವಾಸದ ಪರವಾನಗಿ.
- ಡಿಎಲ್‌ನ ಎರಡೂ ಬದಿ, ಅಂಚು ಕತ್ತರಿಸದ ಸ್ಪಷ್ಟ ಪ್ರತಿ.
- ಮುಗಿದ ಐಡಿಪಿಯ ಮುಖಪುಟ, ಫೋಟೊ ಮತ್ತು ಮುದ್ರೆ ಇರುವ ಕೊನೆಯ ಹಾಳೆ.
- ಪಾಸ್‌ಪೋರ್ಟ್ ಅಳತೆಯ ಫೋಟೊಗಳು.
- ವಿದೇಶದ ಪೂರ್ತಿ ವಿಳಾಸ, ಪೋಸ್ಟಲ್ ಕೋಡ್, ಆ ದೇಶದ ಕೋಡ್ ಸಮೇತ ಫೋನ್ ನಂಬರು.

ಕೆಲವು ಕಡೆ ಅರ್ಜಿ ನೇರವಾಗಿ ಕಾನ್ಸುಲರ್ ಕೌಂಟರಿನಲ್ಲಿ, ಕೆಲವು ಕಡೆ ಪಾಸ್‌ಪೋರ್ಟ್ ಅರ್ಜಿ ತೆಗೆದುಕೊಳ್ಳುವ ಹೊರಗುತ್ತಿಗೆ ಕೇಂದ್ರದಲ್ಲಿ. ಇತರೆ ಕಾನ್ಸುಲರ್ ಸೇವೆಗಳು ಎಂಬ ವಿಭಾಗದಡಿ ಹುಡುಕಿ. ಈ ಸೇವೆ ಕೇಳಿಕೊಂಡು ಬರುವವರು ಕಡಿಮೆ, ಹಾಗಾಗಿ ಕೌಂಟರಿನವರಿಗೇ ಹೊಸದಾಗಿ ಕಾಣಬಹುದು. ಹೋಗುವ ಮೊದಲು ಇಮೇಲ್ ಬರೆದು, 2021ರ ಅಧಿಸೂಚನೆಯನ್ನು ಉಲ್ಲೇಖಿಸಿ, ಯಾವ ಕಾಗದ, ಎಷ್ಟು ಶುಲ್ಕ, ಯಾವ ರೂಪದಲ್ಲಿ ಕಟ್ಟಬೇಕು ಎಂದು ಕೇಳಿಕೊಂಡರೆ ಒಂದು ಓಡಾಟ ಉಳಿಯುತ್ತದೆ. ಬಂದ ಉತ್ತರದ ಪ್ರಿಂಟನ್ನೂ ಜೊತೆಗೆ ಒಯ್ಯಿರಿ.

ವಿಳಾಸವನ್ನು ಅಚ್ಚಕ್ಷರದಲ್ಲಿ ಬರೆಯಿರಿ. ಬೀದರ್‌ನಲ್ಲೋ ಶಿವಮೊಗ್ಗದಲ್ಲೋ ಕೂತ ಗುಮಾಸ್ತರು ಕೊರಿಯರ್ ಕವರಿನ ಮೇಲೆ ಜರ್ಮನಿಯ ಬೀದಿಯ ಹೆಸರನ್ನು ನಕಲು ಮಾಡಬೇಕು. ಒಂದು ಅಕ್ಷರ ಆಚೀಚೆ ಆದರೂ ಲಕೋಟೆ ಎಲ್ಲೋ ಸುತ್ತುತ್ತದೆ. ಮನೆಯ ಕರೆಗಂಟೆಯ ಮೇಲೆ ಬೇರೆಯವರ ಹೆಸರಿದ್ದರೆ ಅಂಚೆಯವರು ಕೊಡದೆ ಒಯ್ಯುವ ದೇಶಗಳೂ ಇವೆ, ಜರ್ಮನಿ ಅವುಗಳಲ್ಲಿ ಒಂದು. ಬಾಡಿಗೆ ಕೋಣೆಯಲ್ಲಿದ್ದರೆ ಮನೆಯ ಮಾಲೀಕರ ಹೆಸರನ್ನೂ ಸೇರಿಸಿ ಬರೆಯುವುದು ಕ್ಷೇಮ.

ಅರ್ಜಿ ನಿಲ್ಲುವುದು ಎಲ್ಲಿ

ಬಹುತೇಕ ಅರ್ಜಿಗಳು ರಾಯಭಾರ ಕಚೇರಿಯಲ್ಲಿ ನಿಲ್ಲುವುದಿಲ್ಲ, ಡಿಎಲ್‌ನ ದಾಖಲೆಯಲ್ಲಿ ನಿಲ್ಲುತ್ತವೆ. ಅದಕ್ಕೆ ಅರ್ಜಿಗಿಂತ ಮೊದಲು ಡಿಎಲ್ ಸೇವೆಗಳ ಸರ್ಕಾರಿ ತಾಣವಾದ ಸಾರಥಿ ಪೋರ್ಟಲಿನಲ್ಲಿ ಡಿಎಲ್ ನಂಬರು, ಹುಟ್ಟಿದ ದಿನಾಂಕ ಹಾಕಿ ನಿಮ್ಮ ವಿವರ ಬರುತ್ತದೆಯೇ ನೋಡಿ. ಹಳೆಯ ಪುಸ್ತಕದ ರೂಪದ ಡಿಎಲ್‌ಗಳು, ಕಂಪ್ಯೂಟರಿಗೆ ಏರದೆ ಉಳಿದ ಕೆಲವು ಹಳೆಯ ಕಾರ್ಡುಗಳು ಅಲ್ಲಿ ಸಿಗುವುದೇ ಇಲ್ಲ. ಸಿಗದಿದ್ದರೆ ಆರ್‌ಟಿಒ ಆ ದಾಖಲೆಯನ್ನು ಮೊದಲು ಸೇರಿಸಬೇಕು, ಆಮೇಲೆ ಐಡಿಪಿಯ ಮಾತು. ನಂಬರನ್ನು ಸರಿಯಾದ ಕ್ರಮದಲ್ಲಿ ಹಾಕಿ: ಕೆಎ, ಎರಡಂಕಿಯ ಆರ್‌ಟಿಒ ಸಂಖ್ಯೆ, ನಾಲ್ಕಂಕಿಯ ವರ್ಷ, ಆಮೇಲೆ ಏಳಂಕಿ. ಹಳೆಯ ಕಾರ್ಡಿನಲ್ಲಿ ಕೊನೆಯ ಭಾಗದಲ್ಲಿ ಅಂಕಿಗಳು ಕಡಿಮೆ ಇದ್ದರೆ ಎಡಗಡೆ ಸೊನ್ನೆ ತುಂಬಿಸಿ ನೋಡಿ. ಎಷ್ಟೋ ಬಾರಿ ದಾಖಲೆ ಇಲ್ಲ ಎಂದು ಬರುವುದಕ್ಕೆ ಇಷ್ಟೇ ಕಾರಣ.

ಎರಡನೆಯದು ಒಟಿಪಿ. ಸಾರಥಿಯಲ್ಲಿ ನಮೂದಾದ ಮೊಬೈಲ್ ನಂಬರಿಗೇ ಅದು ಬರುವುದು. ವಿದೇಶಕ್ಕೆ ಹೋದ ಮೇಲೆ ಆ ಸಿಮ್ ಬಿಟ್ಟಿದ್ದರೆ ಆನ್‌ಲೈನ್ ಕೆಲಸ ಅಲ್ಲೇ ನಿಂತಿತು. ಭಾರತದ ಸಿಮ್ಮನ್ನು ಕನಿಷ್ಠ ರೀಚಾರ್ಜಿನಲ್ಲಿ ಜೀವಂತವಾಗಿ ಇಟ್ಟುಕೊಳ್ಳುವುದು ಬ್ಯಾಂಕಿಗಷ್ಟೇ ಅಲ್ಲ, ಇದಕ್ಕೂ ಬೇಕು.

ಮೂರನೆಯದು ಹೆಸರು, ನಮ್ಮ ಕಡೆಯವರಿಗೆ ವಿಶೇಷವಾಗಿ ಕಾಡುವಂಥದ್ದು. ಡಿಎಲ್‌ನಲ್ಲಿ ಮಂಜುನಾಥ ಎಸ್, ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ಬಿಡಿಸಿ ಮಂಜುನಾಥ ಶಿವಣ್ಣ. ಊರಿನಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಆದರೆ ಜಪಾನಿನ ಲೈಸೆನ್ಸ್ ಕೇಂದ್ರದಲ್ಲಿ, ಬಾಡಿಗೆ ಕಾರಿನ ಕೌಂಟರಿನಲ್ಲಿ ಎರಡು ಹೆಸರು ಎಂದರೆ ಇಬ್ಬರು ಎಂದೇ ಅರ್ಥ. ಡಿಎಲ್‌ನಲ್ಲಿ ಹೆಸರು ತಿದ್ದುವ ಸೇವೆ ಸಾರಥಿಯಲ್ಲಿದೆ. ಪಾಸ್‌ಪೋರ್ಟಿನಲ್ಲಿರುವಂತೆಯೇ ಡಿಎಲ್‌ನಲ್ಲೂ ಆಗಲಿ, ಆಮೇಲೆ ಐಡಿಪಿಗೆ ಹೋಗಿ. ಹಿಂದುಮುಂದಾದರೆ ಐಡಿಪಿಯ ಶುಲ್ಕ ಸಾವಿರ ರೂಪಾಯಿಯನ್ನು ಎರಡು ಸಲ ಕಟ್ಟಬೇಕಾಗುತ್ತದೆ.

ಕೊನೆಯದಾಗಿ ಡಿಎಲ್‌ನ ಅವಧಿ. ಡಿಎಲ್ ಮುಗಿಯಲು ನಾಲ್ಕು ತಿಂಗಳಿದ್ದರೆ ಐಡಿಪಿಯೂ ನಾಲ್ಕೇ ತಿಂಗಳಿನದು, ಶುಲ್ಕ ಮಾತ್ರ ಪೂರ್ತಿ. ಸಾರಿಗೆಯೇತರ (ಸ್ವಂತ ಗಾಡಿಯ) ಡಿಎಲ್ ಅನ್ನು ಅವಧಿ ಮುಗಿಯುವ ಒಂದು ವರ್ಷ ಮೊದಲಿನಿಂದಲೇ ನವೀಕರಿಸಬಹುದು. ಮುಗಿದು ಒಂದು ವರ್ಷದೊಳಗೂ ಪರೀಕ್ಷೆಯಿಲ್ಲದೆ ಆಗುತ್ತದೆ. ಅದೂ ದಾಟಿದರೆ ಮತ್ತೆ ಟ್ರ್ಯಾಕ್ ಮೇಲೆ ಎಂಟು ಹಾಕಿ ತೋರಿಸಬೇಕು. ಮುಗಿದ ಮೇಲೆ ಮೂವತ್ತು ದಿನ ನಡೆಯುತ್ತದೆ ಎಂಬ ಹಳೆಯ ರಿಯಾಯಿತಿಯನ್ನು 2019ರ ತಿದ್ದುಪಡಿ ತೆಗೆದುಹಾಕಿದೆ, ಅದನ್ನು ನಂಬಿ ಗಾಡಿ ಹತ್ತಬೇಡಿ. ಮೂವತ್ತು ತುಂಬುವ ಮೊದಲು ಮಾಡಿಸಿದ ಡಿಎಲ್ ನಲವತ್ತನೆಯ ವಯಸ್ಸಿನವರೆಗೆ, ಮೂವತ್ತರಿಂದ ಐವತ್ತರ ನಡುವೆ ಮಾಡಿಸಿದ್ದು ಹತ್ತು ವರ್ಷ, ಐವತ್ತರಿಂದ ಐವತ್ತೈದರ ನಡುವೆ ಮಾಡಿಸಿದ್ದು ಅರವತ್ತನೆಯ ವಯಸ್ಸಿನವರೆಗೆ, ಐವತ್ತೈದು ದಾಟಿದ ಮೇಲೆ ಐದೈದು ವರ್ಷ. ನಲವತ್ತು ದಾಟಿದವರ ನವೀಕರಣಕ್ಕೆ ವೈದ್ಯರು ಸಹಿ ಮಾಡಿದ ನಮೂನೆ 1ಎ ಬೇಕು. ಫೋಟೊ, ಸಹಿಗೆ ಖುದ್ದಾಗಿ ಬರಹೇಳಿದರೆ ಹೋಗಲೇಬೇಕು. ಆದ್ದರಿಂದ ಊರಿಗೆ ಬರುವ ಪ್ರತಿ ರಜೆಯಲ್ಲೂ ಡಿಎಲ್‌ನ ತಾರೀಕನ್ನೊಮ್ಮೆ ನೋಡಿಕೊಳ್ಳಿ.

ಡಿಎಲ್ ಕಳೆದುಹೋಗಿದ್ದರೆ ಐಡಿಪಿ ಒಂದನ್ನೇ ತರಿಸಿ ಫಲವಿಲ್ಲ. ಅಲ್ಲಿಯ ಪೊಲೀಸರಲ್ಲಿ ದೂರು ಕೊಟ್ಟು ಪ್ರತಿ ತೆಗೆದುಕೊಂಡು, ಮೊದಲು ಡೂಪ್ಲಿಕೇಟ್ ಡಿಎಲ್ ಮಾಡಿಸಿ. ಡಿಜಿಲಾಕರ್‌ನಲ್ಲಿರುವ ಡಿಎಲ್ ಭಾರತದ ರಸ್ತೆಯಲ್ಲಿ ನಡೆಯುತ್ತದೆ, ಹೊರಗೆ ಕಾರ್ಡೇ ಬೇಕು.

ರಜೆಯಲ್ಲಿ ಬಂದು ಮಾಡಿಸುವುದಾದರೆ

ನಮ್ಮ ಅಭಿಪ್ರಾಯ ಕೇಳಿದರೆ, ಆರು ತಿಂಗಳೊಳಗೆ ಊರಿಗೆ ಬರುವುದಿದ್ದರೆ ಕಾನ್ಸುಲೇಟ್ ದಾರಿ ಹಿಡಿಯದೆ ಅಲ್ಲಿಯವರೆಗೆ ಬಸ್ಸು, ರೈಲಿನಲ್ಲಿ ಓಡಾಡುವುದೇ ವಾಸಿ. ಆರ್‌ಟಿಒದಲ್ಲಿ ಖುದ್ದಾಗಿ ನಿಂತು ಮಾಡಿಸುವುದು ಎಷ್ಟೋ ಸಲೀಸು.

ವಿಮಾನ ಹತ್ತುವ ಮೊದಲೇ ಅಲ್ಲಿಂದಲೇ ಆನ್‌ಲೈನ್ ಭಾಗ ಮುಗಿಸಿಕೊಳ್ಳಿ. ಪರಿವಾಹನ್ ತಾಣದಿಂದ ಸಾರಥಿಗೆ ಹೋಗಿ ರಾಜ್ಯ ಕರ್ನಾಟಕ ಎಂದು ಆರಿಸಿ. ಡಿಎಲ್ ಸೇವೆಗಳ ಕೊಂಡಿ ತೆರೆದು ನಂಬರು, ಹುಟ್ಟಿದ ದಿನಾಂಕ ಹಾಕಿ. ಬಂದ ವಿವರ ನಿಮ್ಮದೇ ಎಂದು ಖಚಿತಪಡಿಸಿ, ಸೇವೆಗಳ ಪಟ್ಟಿಯಲ್ಲಿ ಐಡಿಪಿಗೆ ಟಿಕ್ ಹಾಕಿ. ಎಲ್ಲಿಗೆ ಹೋಗುತ್ತೀರಿ, ಪಾಸ್‌ಪೋರ್ಟ್ ನಂಬರು ಮುಂತಾದವನ್ನು ತುಂಬಿ, ಕಾಗದಗಳನ್ನು ಏರಿಸಿ, ಶುಲ್ಕ ಕಟ್ಟಿ. ಐಡಿಪಿಯ ಶುಲ್ಕ 1000 ರೂಪಾಯಿ. ದುಡ್ಡು ಕಡಿತವಾಗಿ ರಸೀದಿ ಬರದಿದ್ದರೆ ಮತ್ತೆ ಕಟ್ಟಲು ಹೋಗಬೇಡಿ. ಅರ್ಜಿ ಸಂಖ್ಯೆ ಹಾಕಿ ಪಾವತಿಯ ಸ್ಥಿತಿ ಪರಿಶೀಲಿಸುವ ಆಯ್ಕೆ ಅಲ್ಲೇ ಇದೆ. ಭಾರತೀಯ ಬ್ಯಾಂಕಿನ ಕಾರ್ಡ್ ಅಥವಾ ನೆಟ್ ಬ್ಯಾಂಕಿಂಗ್ ಬಳಸುವುದು ಸುರಕ್ಷಿತ.

ಡಿಎಲ್‌ನಲ್ಲಿರುವ ವಿಳಾಸ ಯಾವ ಆರ್‌ಟಿಒ ವ್ಯಾಪ್ತಿಗೆ ಬರುತ್ತದೋ ಅಲ್ಲಿಗೇ ಹೋಗಬೇಕು. ಮಂಗಳೂರಿನ ಕೆಎ 19ರ ಡಿಎಲ್ ಇಟ್ಟುಕೊಂಡು, ಇಳಿಯುವುದು ಬೆಂಗಳೂರಿನ ಅಕ್ಕನ ಮನೆಯಲ್ಲಿ ಎಂದಾದರೆ ಮಂಗಳೂರಿಗೆ ಒಂದು ದಿನ ತೆಗೆದಿಡಿ. ವಿಳಾಸ ಬದಲಾವಣೆ, ಹೆಸರು ತಿದ್ದುಪಡಿ, ನವೀಕರಣ ಇವೆಲ್ಲ ಇದ್ದರೆ ಅವೇ ಮೊದಲು. ಅವು ಮುಗಿದು ಹೊಸ ವಿವರ ಸಾರಥಿಯಲ್ಲಿ ಕಂಡ ಮೇಲೆ ಐಡಿಪಿ. ಹಾಗಾಗಿ ರಜೆಯ ಮೊದಲ ವಾರದಲ್ಲೇ ಆರ್‌ಟಿಒಗೆ ಹೋಗಿ; ಮದುವೆ, ಗೃಹಪ್ರವೇಶ ಎಲ್ಲ ಮುಗಿಸಿಕೊಂಡು ಹೊರಡುವ ಮುನ್ನಾದಿನ ಹೋಗುವ ವಿಚಾರ ಬೇಡ. ಹಬ್ಬ, ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳನ್ನೂ ಲೆಕ್ಕದಲ್ಲಿಟ್ಟುಕೊಳ್ಳಿ.

2021ರ ಅದೇ ತಿದ್ದುಪಡಿಯಿಂದ ಐಡಿಪಿಗೆ ಮೆಡಿಕಲ್ ಸರ್ಟಿಫಿಕೇಟ್ ಮತ್ತು ವೀಸಾ ಎರಡೂ ಕಡ್ಡಾಯವಲ್ಲ. ಚಾಲ್ತಿ ಡಿಎಲ್ ಇದ್ದ ಮೇಲೆ ಆರೋಗ್ಯದ ಇನ್ನೊಂದು ಪತ್ರ ಏಕೆ, ಇಳಿದ ಮೇಲೆ ವೀಸಾ ಕೊಡುವ ದೇಶಕ್ಕೆ ಹೋಗುವವರು ಮೊದಲೇ ವೀಸಾ ಎಲ್ಲಿಂದ ತರಬೇಕು ಎಂಬುದು ಅದರ ಹಿಂದಿನ ವಿವೇಚನೆ. ಆದರೂ ವೀಸಾ, ಟಿಕೆಟ್‌ಗಳ ಪ್ರತಿ ಕೈಯಲ್ಲಿರಲಿ. ಕೌಂಟರಿನಲ್ಲಿ ನಿಯಮ ವಾದಿಸುವುದಕ್ಕಿಂತ ಕಾಗದ ತೋರಿಸುವುದು ಬೇಗ.

ಇದೇ ಓಡಾಟದಲ್ಲಿ ಡಿಎಲ್ ಎಕ್ಸ್‌ಟ್ರ್ಯಾಕ್ಟ್ ಕೂಡ ತೆಗೆದುಕೊಳ್ಳಿ. ಮೊದಲ ಬಾರಿ ಡಿಎಲ್ ಸಿಕ್ಕ ದಿನ, ಯಾವ ಯಾವ ವರ್ಗದ ಗಾಡಿ ಎಂದಿನಿಂದ ಎಂಬ ವಿವರ ಅದರಲ್ಲಿರುತ್ತದೆ. ನವೀಕರಣವಾದ ಕೆಲವು ಕಾರ್ಡುಗಳಲ್ಲಿ ಎದ್ದು ಕಾಣುವುದು ಇತ್ತೀಚಿನ ತಾರೀಕು. ಅದನ್ನು ನೋಡಿ ಹದಿನೈದು ವರ್ಷದ ಅನುಭವಿಯನ್ನು ನಿನ್ನೆ ಕಲಿತವರೆಂದು ಲೆಕ್ಕ ಹಾಕುತ್ತಾರೆ. ಒಂಟಾರಿಯೊದಲ್ಲಿ ಚಾಲನೆಯ ಅನುಭವ ತೋರಿಸಲು, ಜಪಾನಿನಲ್ಲಿ ಡಿಎಲ್ ಸಿಕ್ಕ ದಿನ ತೋರಿಸಲು ಈ ಪತ್ರ ಬಹಳ ಉಪಯೋಗಕ್ಕೆ ಬರುತ್ತದೆ.

ಪುಸ್ತಿಕೆ ಕೈಗೆ ಬಂದಾಗ

2022ರ ಆಗಸ್ಟ್ 26ರ ಅಧಿಸೂಚನೆಯಿಂದ ದೇಶದೆಲ್ಲೆಡೆ ಐಡಿಪಿ ಒಂದೇ ಅಳತೆ, ಒಂದೇ ಬಣ್ಣ, ಒಂದೇ ವಿನ್ಯಾಸದ್ದು. ಡಿಎಲ್ ಜೊತೆ ಬೆಸೆಯುವ ಕ್ಯುಆರ್ ಕೋಡ್ ಇರಬೇಕು. ಕೌಂಟರ್ ಬಿಡುವ ಮೊದಲೇ ತೆರೆದು ಓದಿ. ಹೆಸರಿನ ಅಕ್ಷರಗಳು, ಹುಟ್ಟಿದ ಊರು ಮತ್ತು ದಿನ, ಡಿಎಲ್ ನಂಬರು, ಎರಡು ತಾರೀಕು. ಆಮೇಲೆ ವಾಹನದ ವರ್ಗಗಳು, ಇಲ್ಲಿ ನಿಧಾನಿಸಿ: ಎ ಎಂದರೆ ಬೈಕು, ಬಿ ಎಂದರೆ ಚಾಲಕನನ್ನು ಬಿಟ್ಟು ಎಂಟು ಸೀಟಿನವರೆಗಿನ, 3500 ಕಿಲೊ ಮೀರದ ಕಾರು, ಸಿ ಭಾರದ ಸರಕು ಗಾಡಿ, ಡಿ ಬಸ್ಸು, ಇ ಟ್ರೇಲರು. ನಿಮ್ಮ ಡಿಎಲ್‌ನಲ್ಲಿ ಗೇರ್ ಇರುವ ಬೈಕು ಮತ್ತು ಕಾರು ಎರಡೂ ಇದ್ದರೆ ಎ ಮತ್ತು ಬಿ ಎರಡರ ಎದುರೂ ಮುದ್ರೆ ಬಿದ್ದಿರಬೇಕು. ಎ ಎದುರು ಖಾಲಿ ಬಿಟ್ಟಿದ್ದನ್ನು ಗಮನಿಸದೆ ಥಾಯ್ಲೆಂಡಿನಲ್ಲಿ ಸ್ಕೂಟರ್ ಬಾಡಿಗೆಗೆ ತೆಗೆದುಕೊಂಡರೆ, ತಪಾಸಣೆಯಲ್ಲಿ ದಂಡ ಹೋಗಲಿ, ಬಿದ್ದು ಆಸ್ಪತ್ರೆ ಸೇರಿದಾಗ ಟ್ರಾವೆಲ್ ಇನ್ಶೂರೆನ್ಸ್ ಕೈ ಎತ್ತುತ್ತದೆ. ಫೋಟೊದ ಮೇಲೆ ಕಚೇರಿಯ ಮುದ್ರೆ, ಅಧಿಕಾರಿಯ ಸಹಿ, ನಿಮ್ಮ ಸಹಿ, ಮೂರೂ ಇರಲಿ.

ಐಡಿಪಿ ಎಲ್ಲ ದೇಶದಲ್ಲೂ ನಡೆಯುತ್ತದೆ ಎಂದುಕೊಳ್ಳಬೇಡಿ. ಚೀನಾದ ಮುಖ್ಯಭೂಮಿಯಲ್ಲಿ ಯಾವ ಐಡಿಪಿಗೂ ಮಾನ್ಯತೆಯಿಲ್ಲ. ವಿಯೆಟ್ನಾಂ ಒಪ್ಪುವುದು 1968ರ ವಿಯೆನ್ನಾ ಒಪ್ಪಂದದ ಮಾದರಿಯನ್ನು, ಭಾರತದ್ದು ಅದಲ್ಲ. ಅಲ್ಲಿ ಅಂಗಡಿಯವರು ಏನೂ ಕೇಳದೆ ಬೈಕು ಕೊಡುತ್ತಾರೆ, ಅದು ಅನುಮತಿಯಲ್ಲ.

ಆನ್‌ಲೈನಿನಲ್ಲಿ ಮಾರುವ ನಕಲಿಗಳು

ಹುಡುಕಾಟದಲ್ಲಿ ಎಲ್ಲಕ್ಕಿಂತ ಮೇಲೆ ಬರುವುದು ಸರ್ಕಾರದ ತಾಣವಲ್ಲ, ಹತ್ತು ನಿಮಿಷದಲ್ಲಿ ಅಂತರರಾಷ್ಟ್ರೀಯ ಲೈಸೆನ್ಸ್ ಎನ್ನುವ ಮಾರಾಟಗಾರರು. ಮೂರು ವರ್ಷ, ಹತ್ತು ವರ್ಷ ಅವಧಿ, ಹೊಳೆಯುವ ಪ್ಲಾಸ್ಟಿಕ್ ಕಾರ್ಡ್, ಯಾವ ದೇಶದ ಡಿಎಲ್ ಆದರೂ ಸರಿ ಎಂಬ ಆಶ್ವಾಸನೆ. ಜಿನೀವಾ ಮಾದರಿಯ ಐಡಿಪಿಗೆ ಒಂದು ವರ್ಷ ಮೀರಿದ ಅವಧಿ ಇರುವುದಿಲ್ಲ, ಭಾರತದ ಡಿಎಲ್‌ಗೆ ಭಾರತದ ಹೊರಗಿನ ಯಾರೂ ಐಡಿಪಿ ಕೊಡುವಂತಿಲ್ಲ. ಈ ಎರಡರಲ್ಲಿ ಒಂದು ತಪ್ಪಿದರೂ ಅದು ನಕಲಿ. ಅನುವಾದ ಎಂಬ ಸಣ್ಣಕ್ಷರದ ಹಿಂದೆ ಅವಿತು ಇವರು ಪಾರಾಗುತ್ತಾರೆ. ಸಿಕ್ಕಿಬೀಳುವವರು ಸ್ಟಿಯರಿಂಗ್ ಹಿಡಿದವರು.

ಅಲ್ಲಿಯ ಲೈಸೆನ್ಸ್ ಸಿಕ್ಕಿದ ಮೇಲೆ

ಒಮ್ಮೆ ಅಲ್ಲಿಯ ಲೈಸೆನ್ಸ್ ಆಯಿತೆಂದರೆ ಐಡಿಪಿಯೂ ಅಲ್ಲಿಂದಲೇ, ಭಾರತದ ಅರ್ಜಿಗಿಂತ ಸುಲಭವಾಗಿ. ಅಮೆರಿಕದಲ್ಲಿ ಮೋಟಾರು ಸಂಘ ಎಎಎ ಕೊಡುತ್ತದೆ: ಅರ್ಜಿ, ಎರಡು ಫೋಟೊ, ಅಮೆರಿಕದ ಲೈಸೆನ್ಸಿನ ಎರಡೂ ಬದಿಯ ಪ್ರತಿ, ಸುಮಾರು 20 ಡಾಲರ್ ಶುಲ್ಕ, ವಯಸ್ಸು ಹದಿನೆಂಟಾಗಿರಬೇಕು. ಅಂಚೆಯಲ್ಲೂ ಅರ್ಜಿ ಹಾಕಬಹುದು, ಹಾಗಾಗಿ ಆ ದೇಶದಿಂದ ಹೊರಗಿದ್ದಾಗ ಮುಗಿದರೂ ದಾರಿಯಿದೆ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್‌ನಿಂದ ಐಡಿಪಿ ಸಿಗುವುದು ಅಂಚೆ ಕಚೇರಿಯಲ್ಲಲ್ಲ, ಪೇಪಾಯಿಂಟ್ ಎಂಬ ಪಾವತಿ ಸೌಲಭ್ಯವಿರುವ ಅಂಗಡಿಗಳಲ್ಲಿ, ಬೆಲೆ 5.50 ಪೌಂಡ್. ಅಲ್ಲಿ 1949 ಮತ್ತು 1968ರ ಎರಡೂ ಮಾದರಿ ಇರುವುದರಿಂದ ಹೋಗುವ ದೇಶ ನೋಡಿ ಕೇಳಬೇಕು. ಭಾರತಕ್ಕೆ 1949ರದು.

ಊರಿಗೆ ಬಂದಾಗ ಅಪ್ಪನ ಕಾರು ಓಡಿಸಲು ಇದು ಬೇಕೇ ಎಂದರೆ, ಭಾರತದ ಡಿಎಲ್ ಚಾಲ್ತಿಯಲ್ಲಿದ್ದರೆ ಬೇಡ. ಅದು ಮುಗಿದಿದ್ದರೆ ವಿದೇಶದ ಲೈಸೆನ್ಸ್ ಮತ್ತು ಆ ದೇಶದ ಐಡಿಪಿ ಎರಡೂ ಜೊತೆಗಿರಲಿ. ಜರ್ಮನಿಯಲ್ಲಿ ಲೈಸೆನ್ಸ್ ಬದಲಾಯಿಸಿಕೊಂಡವರು ಇದನ್ನು ಮೊದಲೇ ಯೋಚಿಸಬೇಕು, ಹೊಸ ಕಾರ್ಡ್ ಕೊಡುವಾಗ ಅಲ್ಲಿಯ ಕಚೇರಿ ಭಾರತದ ಡಿಎಲ್ ಅನ್ನು ವಾಪಸು ಪಡೆಯುತ್ತದೆ. ಕೊಡುವ ಮೊದಲು ಎರಡೂ ಬದಿಯ ಪ್ರತಿ ತೆಗೆದಿಟ್ಟುಕೊಳ್ಳಿ. ಜರ್ಮನಿಯ ಐಡಿಪಿ 1949ರ ಮಾದರಿಯದಲ್ಲ, ಹಾಗಾಗಿ ಅದನ್ನು ಹಿಡಿದು ಜಪಾನಿಗೆ ಹೋದರೆ ನಡೆಯುವುದಿಲ್ಲ. ಜರ್ಮನ್ ಲೈಸೆನ್ಸ್ ಜೊತೆ ಅದರ ಅಧಿಕೃತ ಜಪಾನಿ ಅನುವಾದ ಒಯ್ಯಬೇಕು.